ವಕಾಂಡಾ ಗೆದ್ದಿತು, ಒಡೆತನ ಯಾರದು?

2018ರ ಫೆಬ್ರುವರಿ 16ರಂದು ಅಮೆರಿಕದಲ್ಲಿ ತೆರೆಕಂಡ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರ ಮೊದಲ ಮೂರೇ ದಿನಗಳಲ್ಲಿ ಉತ್ತರ ಅಮೆರಿಕದ ಮಾರುಕಟ್ಟೆಯೊಂದರಿಂದಲೇ 20 ಕೋಟಿ ಡಾಲರ್‌ಗೂ ಹೆಚ್ಚು ಹಣ ಗಳಿಸಿತು. ಚಿತ್ರದ ನಿರ್ಮಾಣಕ್ಕೆ ತಗುಲಿದ್ದ ವೆಚ್ಚವೂ ಹೆಚ್ಚುಕಡಿಮೆ ಅಷ್ಟೇ. ಪ್ರದರ್ಶನಗಳು ಮುಗಿಯುವ ಹೊತ್ತಿಗೆ ವಿಶ್ವದಾದ್ಯಂತ ಅದರ ಗಳಿಕೆ 134 ಕೋಟಿ ಡಾಲರ್ ಮುಟ್ಟಿತ್ತು.

ಅತಿಮಾನವ ನಾಯಕರ ಚಿತ್ರಗಳಿಗೆ ಇಂಥ ಅಂಕಿಗಳು ತೀರಾ ಅಪರೂಪವೇನಲ್ಲ. ಅಪರೂಪವಾಗಿದ್ದುದು ಗಳಿಸಿದ ಚಿತ್ರದ ಸ್ವರೂಪ. ನಿರ್ದೇಶಕ ಕಪ್ಪುವರ್ಣೀಯ, ನಾಯಕ ಕಪ್ಪುವರ್ಣೀಯ, ಖಳನಾಯಕನೂ ಕಪ್ಪುವರ್ಣೀಯ. ಒಂದಿಬ್ಬರನ್ನು ಬಿಟ್ಟರೆ ಉಳಿದ ಪ್ರಮುಖ ಪಾತ್ರಧಾರಿಗಳೂ ಹಾಗೆಯೇ. ಕಥೆ ನಡೆಯುವುದು ವಸಾಹತುಶಾಹಿಗೆ ಎಂದೂ ತಲೆಬಾಗದ, ತಂತ್ರಜ್ಞಾನದಲ್ಲಿ ಜಗತ್ತನ್ನೇ ಹಿಂದಿಕ್ಕಿರುವ ವಕಾಂಡಾ ಎಂಬ ಕಾಲ್ಪನಿಕ ಆಫ್ರಿಕನ್ ರಾಷ್ಟ್ರದಲ್ಲಿ. ಇಂಥ ಚಿತ್ರಕ್ಕೆ ಅಮೆರಿಕದ ಹೊರಗೆ ಮಾರುಕಟ್ಟೆ ಇಲ್ಲ ಎಂಬುದು ಹಾಲಿವುಡ್‌ನ ಹಣಕಾಸು ವಲಯದಲ್ಲಿ ದಶಕಗಳಿಂದ ಬೇರೂರಿದ್ದ ನಂಬಿಕೆ. ಆ ನಂಬಿಕೆ ಒಂದೇ ವಾರಾಂತ್ಯದಲ್ಲಿ ಅಲುಗಿತು.

ಆದರೆ ಬಿಡುಗಡೆಯ ನಂತರದ ವರ್ಷಗಳ ಬೆಳವಣಿಗೆಗಳನ್ನು ಸೇರಿಸಿ ನೋಡಿದಾಗ ಈ ಗೆಲುವಿನ ಕಥೆ ಅಷ್ಟು ಸರಳವಾಗಿಲ್ಲ ಎಂಬುದು ತಿಳಿಯುತ್ತದೆ. ತೆರೆಯ ಮೇಲೆ ಯಾರ ಮುಖ ಕಾಣಬೇಕು ಎಂಬ ಪ್ರಶ್ನೆಗೆ ಈ ಚಿತ್ರ ಉತ್ತರ ಕೊಟ್ಟಿತು. ತೆರೆಯ ಹಿಂದಿನ ಸ್ವತ್ತು ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಎರಡನೆಯ ಪ್ರಶ್ನೆಯನ್ನು ಮುಂದೆ ಎತ್ತಿದವರು ಅದೇ ಚಿತ್ರದ ನಿರ್ದೇಶಕರು ಎಂಬುದು ಗಮನಾರ್ಹ.

ಅಡಮಾನಕ್ಕಿದ್ದ ರಾಜ

ಬ್ಲ್ಯಾಕ್ ಪ್ಯಾಂಥರ್ ಪಾತ್ರ ಹುಟ್ಟಿದ್ದು 1966ರಲ್ಲಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಜೋಡಿ ಮಾರ್ವೆಲ್ ಸಂಸ್ಥೆಯ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್ ಸರಣಿಯ 52ನೇ ಸಂಚಿಕೆಯಲ್ಲಿ ವಕಾಂಡಾದ ರಾಜ ಟಿಚಾಲಾನನ್ನು ಪರಿಚಯಿಸಿತು. ಅಮೆರಿಕದ ಮುಖ್ಯವಾಹಿನಿಯ ಕಾಮಿಕ್ಸ್‌ನಲ್ಲಿ ಕಾಣಿಸಿಕೊಂಡ ಮೊದಲ ಕಪ್ಪುವರ್ಣೀಯ ಅತಿಮಾನವ ನಾಯಕ ಈತನೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಸ್ಥಾಪನೆಯಾಯಿತು. ಹೆಸರು ಒಂದೇ ಆದರೂ ಕಾಮಿಕ್ಸ್ ಪಾತ್ರ ಕೆಲವು ತಿಂಗಳು ಮೊದಲೇ ಬಂದಿತ್ತು. ಆದರೂ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಕಾವಿನಿಂದ ಈ ಹೆಸರನ್ನು ಬೇರ್ಪಡಿಸುವುದು ಆಮೇಲೆ ಯಾರಿಗೂ ಸಾಧ್ಯವಾಗಲಿಲ್ಲ.

ಪಾತ್ರವನ್ನು ತೆರೆಗೆ ತರುವ ಪ್ರಯತ್ನ 1990ರ ದಶಕದಲ್ಲೇ ನಡೆದಿತ್ತು. ನಟ ವೆಸ್ಲಿ ಸ್ನೈಪ್ಸ್ ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ಅದು ಕೈಗೂಡಲಿಲ್ಲ. ಅವರು 1998ರಲ್ಲಿ ಮಾರ್ವೆಲ್‌ನದೇ ಮತ್ತೊಂದು ಪಾತ್ರವಾದ ‘ಬ್ಲೇಡ್’ ಆಗಿ ತೆರೆಗೆ ಬಂದು ಗೆದ್ದರು. 1996ರಲ್ಲಿ ದಿವಾಳಿತನದ ಅರ್ಜಿ ಸಲ್ಲಿಸಿದ್ದ ಮಾರ್ವೆಲ್, ತನ್ನ ಪಾತ್ರಗಳ ಚಿತ್ರೀಕರಣದ ಹಕ್ಕುಗಳನ್ನು ಬೇರೆ ಬೇರೆ ಸ್ಟುಡಿಯೊಗಳಿಗೆ ಮಾರಿಕೊಂಡು ಉಸಿರು ಹಿಡಿದಿದ್ದ ಕಾಲವದು.

2005ರಲ್ಲಿ ಸ್ವಂತವಾಗಿ ಚಿತ್ರ ನಿರ್ಮಿಸಲು ಮಾರ್ವೆಲ್ ನಿರ್ಧರಿಸಿತು. ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆಯಾಯಿತು. ಸಾಲಕ್ಕೆ ಭದ್ರತೆಯಾಗಿ ಕಟ್ಟಡಗಳನ್ನಾಗಲಿ ಜಮೀನನ್ನಾಗಲಿ ಕೊಡಲಿಲ್ಲ. ತನ್ನ ಬಳಿ ಉಳಿದಿದ್ದ ಹತ್ತು ಪಾತ್ರಗಳ ಚಿತ್ರ ಹಕ್ಕುಗಳನ್ನೇ ಸಂಸ್ಥೆ ಅಡವಿಟ್ಟಿತು. ಆ ಪಟ್ಟಿಯಲ್ಲಿ ಕ್ಯಾಪ್ಟನ್ ಅಮೆರಿಕ, ಡಾಕ್ಟರ್ ಸ್ಟ್ರೇಂಜ್ ಜೊತೆಗೆ ಬ್ಲ್ಯಾಕ್ ಪ್ಯಾಂಥರ್ ಹೆಸರೂ ಇತ್ತು. ಚಿತ್ರಗಳು ಸೋತಿದ್ದರೆ ವಕಾಂಡಾದ ರಾಜ ಸಾಲಗಾರರ ಪಾಲಾಗುತ್ತಿದ್ದ. ಚಿತ್ರಗಳು ಗೆದ್ದವು. 2009ರಲ್ಲಿ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರ್ ತೆತ್ತು ಮಾರ್ವೆಲ್ ಅನ್ನು ಕೊಂಡುಕೊಂಡಿತು. ಪಾತ್ರವು ಅಡಮಾನದ ಪಟ್ಟಿಯಿಂದ ಡಿಸ್ನಿಯ ಆಸ್ತಿ ಪಟ್ಟಿಗೆ ಸೇರಿತು.

ಈ ಹಿನ್ನೆಲೆ ಮುಖ್ಯ. ಒಂದು ಸಮುದಾಯದ ಪಾಲಿಗೆ ಹೆಮ್ಮೆಯ ಸಂಕೇತವಾದ ಪಾತ್ರ, ಕಂಪನಿಯ ಲೆಕ್ಕಪತ್ರದಲ್ಲಿ ಮೊದಲಿನಿಂದಲೂ ಒಂದು ಸ್ವತ್ತು ಮಾತ್ರವಾಗಿತ್ತು.

ತನ್ನನ್ನು ತಾನೇ ನಿಜವಾಗಿಸಿಕೊಂಡ ನಂಬಿಕೆ

ಕಪ್ಪುವರ್ಣೀಯ ನಾಯಕರ ಚಿತ್ರ ವಿದೇಶಗಳಲ್ಲಿ ಓಡುವುದಿಲ್ಲ ಎಂಬ ಮಾತಿಗೆ ಸ್ಟುಡಿಯೊಗಳು ಅಂಕಿ ಅಂಶಗಳನ್ನೇ ಮುಂದಿಡುತ್ತಿದ್ದವು. ಆ ಅಂಕಿಗಳು ಹುಟ್ಟುತ್ತಿದ್ದ ಬಗೆಯನ್ನು ಮಾತ್ರ ಯಾರೂ ಪ್ರಶ್ನಿಸುತ್ತಿರಲಿಲ್ಲ. ವಿದೇಶಗಳಲ್ಲಿ ಓಡದು ಎಂಬ ಕಾರಣಕ್ಕೆ ಅಂಥ ಚಿತ್ರಕ್ಕೆ ಕಡಿಮೆ ಬಂಡವಾಳ, ಬಂಡವಾಳ ಕಡಿಮೆಯಾದ ಕಾರಣಕ್ಕೆ ಕಡಿಮೆ ಪ್ರಚಾರ, ಪ್ರಚಾರವಿಲ್ಲದ ಕಾರಣಕ್ಕೆ ಹೊರದೇಶಗಳಲ್ಲಿ ಬೆರಳೆಣಿಕೆಯ ಚಿತ್ರಮಂದಿರ, ಚಿತ್ರಮಂದಿರಗಳಿಲ್ಲದ ಕಾರಣಕ್ಕೆ ಕಡಿಮೆ ಗಳಿಕೆ. ಆ ಗಳಿಕೆಯೇ ಮುಂದಿನ ಚಿತ್ರವನ್ನು ನಿರಾಕರಿಸಲು ಪುರಾವೆಯಾಗುತ್ತಿತ್ತು.

2014ರ ಕೊನೆಯಲ್ಲಿ ಸೋನಿ ಪಿಕ್ಚರ್ಸ್‌ನ ಗಣಕಯಂತ್ರಗಳಿಗೆ ಕನ್ನ ಹಾಕಲಾದಾಗ ಹೊರಬಿದ್ದ ಇ-ಮೇಲ್‌ಗಳು ಈ ಮನೋಭಾವವನ್ನು ಬಯಲಿಗೆಳೆದವು. ಡೆಂಜೆಲ್ ವಾಷಿಂಗ್ಟನ್ ಅವರಂಥ ಹೆಸರಾಂತ ನಟರ ಚಿತ್ರಕ್ಕೂ ಹೊರದೇಶಗಳಲ್ಲಿ ವರ್ಣದ ಕಾರಣಕ್ಕೆ ಗಳಿಕೆ ಕುಗ್ಗುತ್ತದೆ ಎಂದು ನಿರ್ಮಾಪಕರೊಬ್ಬರು ಸ್ಟುಡಿಯೊ ಮುಖ್ಯಸ್ಥರಿಗೆ ಬರೆದಿದ್ದರು. ಮಾರ್ವೆಲ್‌ನ ಒಳಗೂ ಇಂಥ ಅಡ್ಡಿಗಳಿದ್ದವು. ಬ್ಲ್ಯಾಕ್ ಪ್ಯಾಂಥರ್ ಮತ್ತು ಮಹಿಳಾ ನಾಯಕಿಯ ‘ಕ್ಯಾಪ್ಟನ್ ಮಾರ್ವೆಲ್’ ಯೋಜನೆಗಳಿಗೆ ನ್ಯೂಯಾರ್ಕ್ ಕಚೇರಿಯಲ್ಲಿ ವಿರೋಧವಿತ್ತೆಂದೂ, ತಡೆಯೊಡ್ಡುವುದನ್ನು ನಿಲ್ಲಿಸುವಂತೆ ಮಾರ್ವೆಲ್ ಮುಖ್ಯಸ್ಥ ಐಕ್ ಪರ್ಲ್‌ಮಟರ್ ಅವರಿಗೆ ತಾವೇ ಸೂಚಿಸಬೇಕಾಯಿತೆಂದೂ ಡಿಸ್ನಿಯ ಬಾಬ್ ಐಗರ್ 2019ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ.

2014ರ ಅಕ್ಟೋಬರ್‌ನಲ್ಲಿ ಚಿತ್ರದ ಘೋಷಣೆಯಾಯಿತು. ನಾಯಕನಾಗಿ ಚಾಡ್ವಿಕ್ ಬೋಸ್‌ಮನ್ ಹೆಸರೂ ಪ್ರಕಟವಾಯಿತು. 2015 ಮತ್ತು 2016ರಲ್ಲಿ ಸತತವಾಗಿ ಎರಡು ವರ್ಷ ಆಸ್ಕರ್‌ನ ನಟನಾ ವಿಭಾಗದ 20 ನಾಮಕರಣಗಳೂ ಬಿಳಿಯರ ಪಾಲಾದಾಗ ಅಮೆರಿಕದಲ್ಲಿ ಎದ್ದ ಆಕ್ರೋಶ ಚಿತ್ರದ ಮೇಲಿನ ನಿರೀಕ್ಷೆಯನ್ನು ಇಮ್ಮಡಿಗೊಳಿಸಿತು. 2016ರ ಜನವರಿಯಲ್ಲಿ ನಿರ್ದೇಶನದ ಹೊಣೆ ರಯಾನ್ ಕೂಗ್ಲರ್ ಅವರ ಹೆಗಲೇರಿತು. ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಕಟ್ಟಿದ ಬಗೆ

ಕೂಗ್ಲರ್ ಓಕ್‌ಲ್ಯಾಂಡ್‌ನವರು. ಅವರ ಮೊದಲ ಚಿತ್ರ ‘ಫ್ರೂಟ್‌ವೇಲ್ ಸ್ಟೇಷನ್’ (2013) ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ವೆಚ್ಚದಲ್ಲಿ ತಯಾರಾದದ್ದು. ಅದೇ ನಗರದ ರೈಲು ನಿಲ್ದಾಣವೊಂದರಲ್ಲಿ 2009ರ ಹೊಸ ವರ್ಷದ ಬೆಳಗಿನ ಜಾವ ಪೊಲೀಸರ ಗುಂಡಿಗೆ ಬಲಿಯಾದ ನಿರಾಯುಧ ಕಪ್ಪು ಯುವಕನ ಕೊನೆಯ ದಿನದ ಕಥೆ ಅದು. ನಂತರ ಬಂದ ‘ಕ್ರೀಡ್’ (2015) ರಾಕಿ ಸರಣಿಗೆ ಹೊಸ ಜೀವ ಕೊಟ್ಟಿತು. ಹಾಲಿವುಡ್‌ನಲ್ಲಿ ದೊಡ್ಡ ಬಂಡವಾಳ ಕೈಗೆ ಬಂದಾಗ ಹೊಸ ನಿರ್ದೇಶಕರಿಗೆ ಸ್ಟುಡಿಯೊದ ಅನುಭವಿ ತಂತ್ರಜ್ಞರನ್ನು ಒಪ್ಪಿಸುವುದು ವಾಡಿಕೆ. ಕೂಗ್ಲರ್ ತಮ್ಮ ಸಣ್ಣ ಚಿತ್ರದ ಸಂಗಾತಿಗಳನ್ನೇ ಕರೆತಂದರು. ಛಾಯಾಗ್ರಹಣಕ್ಕೆ ರೇಚಲ್ ಮಾರಿಸನ್, ನಿರ್ಮಾಣ ವಿನ್ಯಾಸಕ್ಕೆ ಹ್ಯಾನಾ ಬೀಚ್ಲರ್, ಸಂಗೀತಕ್ಕೆ ಸ್ವೀಡನ್ ಮೂಲದ ಲುಡ್ವಿಗ್ ಗೊರಾನ್ಸನ್. ಈ ಮೂವರೂ ‘ಫ್ರೂಟ್‌ವೇಲ್ ಸ್ಟೇಷನ್’ನಲ್ಲಿ ದುಡಿದವರು. ವಸ್ತ್ರ ವಿನ್ಯಾಸಕ್ಕೆ ಹಿರಿಯರಾದ ರೂತ್ ಕಾರ್ಟರ್ ಬಂದರು.

ಇವರು ಎದುರಿಸಿದ ಸವಾಲು ಎರಡು ಬಗೆಯದು. ಆಫ್ರಿಕಾ ಎಂದರೆ ಬಡತನ, ಕ್ಷಾಮ, ಯುದ್ಧ ಎಂಬ ಹಾಲಿವುಡ್ ಚಿತ್ರಣವನ್ನು ಅಳಿಸಬೇಕಿತ್ತು. ಅದರ ಜಾಗದಲ್ಲಿ ಎಲ್ಲಿಗೂ ಸೇರದ ಅಲಂಕಾರದ ಲೋಕವೊಂದನ್ನು ನಿಲ್ಲಿಸುವ ಅಪಾಯದಿಂದಲೂ ಪಾರಾಗಬೇಕಿತ್ತು. ವಕಾಂಡಾದ ಚರಿತ್ರೆ, ಭೂಗೋಳ, ಬುಡಕಟ್ಟುಗಳು, ನಗರ ರಚನೆ ಕುರಿತು ಬೀಚ್ಲರ್ ಸುಮಾರು 500 ಪುಟಗಳ ಕೈಪಿಡಿಯನ್ನೇ ಸಿದ್ಧಪಡಿಸಿದರು. ಗಡಿ ಬುಡಕಟ್ಟಿನ ಯೋಧರ ಹೊದಿಕೆಗೆ ಲೆಸೊಥೊ ದೇಶದ ಬಸೋಥೊ ಕಂಬಳಿ, ರಾಜಮಾತೆಯ ಶಿರೋವಸ್ತ್ರಕ್ಕೆ ಜುಲು ವಿವಾಹಿತೆಯರು ಧರಿಸುವ ಟೊಪ್ಪಿಗೆ, ಅಂಗರಕ್ಷಕಿಯರ ಕೆಂಪು ಉಡುಪಿಗೆ ಮಸಾಯಿ ಜನರ ಬಣ್ಣ ಆಧಾರವಾದವು. ರಾಜಮಾತೆಯ ಆ ಟೊಪ್ಪಿಗೆಯನ್ನು ಮೂರು ಆಯಾಮದ ಮುದ್ರಣ ಯಂತ್ರದಿಂದ ತಯಾರಿಸಲಾಯಿತು. ಹಳೆಯ ರೂಪ, ಹೊಸ ವಿಧಾನ. ವಕಾಂಡಾದ ಕಲ್ಪನೆಯೂ ಅದೇ.

ಗೊರಾನ್ಸನ್ ಸೆನೆಗಲ್‌ಗೆ ತೆರಳಿ ಅಲ್ಲಿನ ಪ್ರಸಿದ್ಧ ಗಾಯಕ ಬಾಬಾ ಮಾಲ್ ಅವರೊಂದಿಗೆ ಊರೂರು ಸುತ್ತಿದರು. ಮಾತಿನ ಏರಿಳಿತವನ್ನು ಅನುಕರಿಸಬಲ್ಲ ‘ತಮಾ’ ಎಂಬ ಪುಟ್ಟ ಮದ್ದಳೆ ಟಿಚಾಲಾನ ಸಂಗೀತವಾಯಿತು. ಫುಲಾ ಜನರ ಕೊಳಲು ಖಳನಾಯಕ ಕಿಲ್‌ಮಾಂಗರ್‌ನ ಪಾಲಾಯಿತು. ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾಲಯದಲ್ಲಿರುವ ಆಫ್ರಿಕನ್ ಸಂಗೀತದ ಧ್ವನಿ ಭಂಡಾರದಲ್ಲೂ ಅವರು ಅಧ್ಯಯನ ನಡೆಸಿದರು.

ಇಷ್ಟೆಲ್ಲ ಸಿದ್ಧತೆಯ ನಡುವೆ ಒಂದು ವಿಪರ್ಯಾಸವೂ ಇತ್ತು. ಆಫ್ರಿಕಾದ ಮಹಾಕಥನ ಎನಿಸಿಕೊಂಡ ಚಿತ್ರದ ಮುಖ್ಯ ಚಿತ್ರೀಕರಣ 2017ರ ಆರಂಭದಲ್ಲಿ ನಡೆದದ್ದು ಅಮೆರಿಕದ ಅಟ್ಲಾಂಟಾ ಸುತ್ತಮುತ್ತಲ ಸ್ಟುಡಿಯೊಗಳಲ್ಲಿ ಮತ್ತು ದಕ್ಷಿಣ ಕೊರಿಯಾದ ಬುಸಾನ್ ನಗರದಲ್ಲಿ. ಆಫ್ರಿಕಾ ಖಂಡದಿಂದ ಬಂದದ್ದು ಮುಖ್ಯವಾಗಿ ಆಕಾಶದಿಂದ ಸೆರೆಹಿಡಿದ ಭೂದೃಶ್ಯಗಳು. ಚಿತ್ರೀಕರಣಕ್ಕೆ ತೆರಿಗೆ ರಿಯಾಯಿತಿ ಕೊಡುವ ರಾಜ್ಯಗಳಲ್ಲಿ ಅಟ್ಲಾಂಟಾ ಇರುವ ಜಾರ್ಜಿಯಾ ಮುಂಚೂಣಿಯಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಯಾವ ಭಾಷೆ, ಯಾರ ಉಚ್ಚಾರ

ವಕಾಂಡಾದ ಜನ ತಮ್ಮ ತಮ್ಮಲ್ಲಿ ಮಾತನಾಡುವಾಗ ಬಳಕೆಯಾಗುವುದು ಖೋಸಾ ಭಾಷೆ. ದಕ್ಷಿಣ ಆಫ್ರಿಕಾದ ಅಧಿಕೃತ ಭಾಷೆಗಳಲ್ಲಿ ಒಂದಾದ ಇದು ನಾಲಿಗೆಯನ್ನು ಲೊಟಕಿಸಿ ಹೊರಡಿಸುವ ವಿಶಿಷ್ಟ ವ್ಯಂಜನಗಳಿಂದ ಪ್ರಸಿದ್ಧ. ಸ್ಟುಡಿಯೊದ ಯೋಜನೆಯಲ್ಲಿ ಇದು ಮೊದಲಿಗೆ ಇರಲಿಲ್ಲ. 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಚಿತ್ರದಲ್ಲಿ ಟಿಚಾಲಾನ ತಂದೆಯ ಪಾತ್ರ ವಹಿಸಿದ್ದ ದಕ್ಷಿಣ ಆಫ್ರಿಕಾದ ಹಿರಿಯ ನಟ ಜಾನ್ ಕಾನಿ, ಮಗನೊಡನೆ ತಮ್ಮ ತಾಯ್ನುಡಿಯಲ್ಲೇ ಮಾತನಾಡುವ ಸಲಹೆ ಮುಂದಿಟ್ಟರು. ಅದು ಒಪ್ಪಿಗೆಯಾಯಿತು. ಬೋಸ್‌ಮನ್ ಆ ಸಾಲುಗಳನ್ನು ಕಲಿತರು. ಹೀಗೆ ಒಬ್ಬ ನಟನ ಸಲಹೆಯಿಂದ ಒಂದು ಜೀವಂತ ಭಾಷೆ ಕಾಲ್ಪನಿಕ ರಾಷ್ಟ್ರದ ನುಡಿಯಾಯಿತು.

ಇಂಗ್ಲಿಷ್ ಸಂಭಾಷಣೆಯ ಉಚ್ಚಾರದ ಬಗೆಗೂ ಜಿಜ್ಞಾಸೆ ನಡೆಯಿತು. ಚಿತ್ರದುದ್ದಕ್ಕೂ ಆಫ್ರಿಕನ್ ಉಚ್ಚಾರವನ್ನು ಪ್ರೇಕ್ಷಕರು ಒಪ್ಪಲಾರರೇನೊ ಎಂಬ ಅಳುಕು ಸ್ಟುಡಿಯೊಗಿತ್ತು. ವಸಾಹತುಗಾರರ ಆಳ್ವಿಕೆಯನ್ನೇ ಕಾಣದ ದೇಶದ ರಾಜ ಬ್ರಿಟಿಷರಂತೆ ಮಾತನಾಡಲು ಕಾರಣವೇ ಇಲ್ಲ ಎಂಬುದು ಬೋಸ್‌ಮನ್ ಅವರ ನಿಲುವು. ಅವರ ಮಾತೇ ಉಳಿಯಿತು. ಚಿತ್ರ ಗೆದ್ದ ಬಳಿಕ ಈ ನಿರ್ಧಾರ ಸಹಜವೆನಿಸಿದೆ. ಬಿಡುಗಡೆಗೆ ಮುನ್ನ ಅದು 20 ಕೋಟಿ ಡಾಲರ್ ಬಂಡವಾಳದ ಮೇಲಿನ ಜೂಜಾಗಿತ್ತು.

ಭಾರತದಲ್ಲೂ ಚಿತ್ರ ಅದೇ ದಿನ ಬಿಡುಗಡೆಯಾಯಿತು. ವಕಾಂಡಾದ ಬೆಟ್ಟಗಾಡಿನ ಜಬಾರಿ ಬುಡಕಟ್ಟಿನ ನಾಯಕ ಎಂಬಾಕು ಕೂಗುವ ಜಯಕಾರದಲ್ಲಿ ‘ಹನುಮಾನ್’ ಎಂಬ ಹೆಸರಿದೆ. ಇಲ್ಲಿನ ಪ್ರತಿಗಳಲ್ಲಿ ಸೆನ್ಸಾರ್ ಮಂಡಳಿಯ ಸೂಚನೆಯಂತೆ ಆ ಒಂದು ಪದವನ್ನು ನಿಶ್ಶಬ್ದಗೊಳಿಸಲಾಯಿತು. ಭಾರತದ ದೈವವೊಂದರ ಹೆಸರು ಆಫ್ರಿಕನ್ ಪಾತ್ರದ ಬಾಯಲ್ಲಿ ವಿಶ್ವದ ಉಳಿದ ಕಡೆ ಕೇಳಿಸಿತು, ಭಾರತದಲ್ಲಿ ಕೇಳಿಸಲಿಲ್ಲ.

ಕನ್ನಡಿಗರ ಪಾಲಿಗೆ ಇನ್ನೊಂದು ಮಾತೂ ಇದೆ. ಚಿತ್ರ ಇಂಗ್ಲಿಷ್‌ನ ಜೊತೆಗೆ ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಬಂದಿತೇ ಹೊರತು ಕನ್ನಡದಲ್ಲಿ ಬರಲಿಲ್ಲ. ರಾಜ್ಯದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ದಶಕಗಳಿಂದ ಇದ್ದ ಉದ್ಯಮದ ಅಲಿಖಿತ ನಿರ್ಬಂಧದ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ನೀಡಿತ್ತು. 2017ರಲ್ಲಿ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಹೆಸರಿನಲ್ಲಿ ಕನ್ನಡಕ್ಕೆ ಬಂದಿತ್ತು. ಆದರೂ ಮಾರ್ವೆಲ್‌ನ ಕನ್ನಡ ಅವತರಣಿಕೆ ಚಿತ್ರಮಂದಿರಕ್ಕೆ ಬರಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಖೋಸಾ ಭಾಷೆಯ ಸಾಲುಗಳನ್ನು ಬೆಂಗಳೂರಿನ ಪ್ರೇಕ್ಷಕ ಇಂಗ್ಲಿಷ್ ಅಡಿಬರಹದ ನೆರವಿನಿಂದ ಅರ್ಥಮಾಡಿಕೊಂಡ. ಯಾವ ಭಾಷೆಗೆ ಮಾರುಕಟ್ಟೆ ಇದೆ, ಯಾವುದಕ್ಕೆ ಇಲ್ಲ ಎಂಬ ಊಹೆಗಳು ಹಾಲಿವುಡ್‌ನ ವರ್ಣದ ಊಹೆಗಳಿಗಿಂತ ತೀರಾ ಭಿನ್ನವಲ್ಲ. ಒದಗಿಸದೇ ಇದ್ದಾಗ ಬೇಡಿಕೆ ಕಾಣುವುದಿಲ್ಲ. ಬೇಡಿಕೆ ಕಾಣದಿರುವುದೇ ಒದಗಿಸದಿರಲು ಕಾರಣವಾಗುತ್ತದೆ.

ಲೆಕ್ಕ ಹೇಳಿದ್ದೇನು?

ಉತ್ತರ ಅಮೆರಿಕದಲ್ಲಿ ಚಿತ್ರದ ಒಟ್ಟು ಗಳಿಕೆ 70 ಕೋಟಿ ಡಾಲರ್. ಅಲ್ಲಿಯವರೆಗೆ ಆ ಗೆರೆ ದಾಟಿದ್ದವು ‘ಅವತಾರ್’ ಮತ್ತು ‘ಸ್ಟಾರ್ ವಾರ್ಸ್: ದಿ ಫೋರ್ಸ್ ಅವೇಕನ್ಸ್’ ಮಾತ್ರ. ಉಳಿದ ಜಗತ್ತಿನಿಂದ ಬಂದದ್ದು ಸುಮಾರು 64 ಕೋಟಿ. ಅದರಲ್ಲಿ ಚೀನಾದ ಪಾಲೇ ಹತ್ತು ಕೋಟಿಗೂ ಹೆಚ್ಚು. ಮಾರ್ವೆಲ್‌ನ ಭಾರಿ ಯಶಸ್ಸಿನ ಚಿತ್ರಗಳು ಸಾಮಾನ್ಯವಾಗಿ ಸ್ವದೇಶಕ್ಕಿಂತ ಹೊರದೇಶಗಳಲ್ಲಿ ಹೆಚ್ಚು ಗಳಿಸುತ್ತವೆ. ಇಲ್ಲಿ ತಕ್ಕಡಿ ಸ್ವದೇಶದ ಕಡೆಗೆ ತುಸು ವಾಲಿತು. ಇದನ್ನು ಹಿಡಿದು ಹಳೆಯ ನಂಬಿಕೆಯಲ್ಲಿ ಸತ್ಯಾಂಶವಿದೆ ಎಂದು ವಾದಿಸಿದವರೂ ಉಂಟು. ಆದರೆ 64 ಕೋಟಿ ಡಾಲರ್ ಎಂಬುದು ಆಗಿನ ಬಹುತೇಕ ಹಾಲಿವುಡ್ ಚಿತ್ರಗಳ ಇಡೀ ವಿಶ್ವದ ಗಳಿಕೆಗಿಂತ ದೊಡ್ಡ ಮೊತ್ತ ಎಂಬುದನ್ನು ಮರೆಯುವಂತಿಲ್ಲ.

ಅಂಕಿಗಳಿಗೆ ಸಿಗದ ಸ್ವಾಗತವೂ ದೊರೆಯಿತು. ಅಮೆರಿಕದ ಹಲವು ನಗರಗಳಲ್ಲಿ ಸಾರ್ವಜನಿಕರು ದೇಣಿಗೆ ಸಂಗ್ರಹಿಸಿ ಬಡ ಮಕ್ಕಳನ್ನು ಚಿತ್ರಕ್ಕೆ ಕರೆದೊಯ್ದರು. ಆಫ್ರಿಕನ್ ಉಡುಗೆ ತೊಟ್ಟು ಕುಟುಂಬ ಸಮೇತ ಚಿತ್ರಮಂದಿರಕ್ಕೆ ಬಂದವರು ಸಹಸ್ರಾರು. ಸೌದಿ ಅರೇಬಿಯಾದಲ್ಲಿ 35 ವರ್ಷಗಳ ನಿಷೇಧ ತೆರವಾಗಿ 2018ರ ಏಪ್ರಿಲ್ 18ರಂದು ರಿಯಾದ್‌ನಲ್ಲಿ ಚಿತ್ರಮಂದಿರ ಬಾಗಿಲು ತೆರೆದಾಗ ಮೊದಲು ತೋರಿಸಿದ್ದು ಇದೇ ಚಿತ್ರವನ್ನು.

ಪ್ರಶಸ್ತಿ ವಲಯವೂ ಹಳೆಯ ಧೋರಣೆ ಬದಲಿಸಿಕೊಳ್ಳಬೇಕಾಯಿತು. 2018ರ ಆಗಸ್ಟ್‌ನಲ್ಲಿ ಆಸ್ಕರ್ ಅಕಾಡೆಮಿ ‘ಜನಪ್ರಿಯ ಚಿತ್ರ’ ಎಂಬ ಹೊಸ ವಿಭಾಗವನ್ನು ಪ್ರಕಟಿಸಿತು. ಇದು ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರವನ್ನು ಹೊರಜಗುಲಿಯಲ್ಲಿ ಕೂರಿಸುವ ಉಪಾಯ ಎಂಬ ಟೀಕೆ ವ್ಯಾಪಕವಾಗಿ ಕೇಳಿಬಂತು. ಮರು ತಿಂಗಳೇ ಅಕಾಡೆಮಿ ಹಿಂದೆ ಸರಿಯಿತು. 2019ರಲ್ಲಿ ಚಿತ್ರಕ್ಕೆ ಏಳು ನಾಮಕರಣ ಸಿಕ್ಕವು. ಶ್ರೇಷ್ಠ ಚಿತ್ರ ವಿಭಾಗದಲ್ಲಿ ಸ್ಪರ್ಧಿಸಿದ ಮೊದಲ ಅತಿಮಾನವ ನಾಯಕನ ಚಿತ್ರ ಎಂಬ ದಾಖಲೆಯೂ ಆಯಿತು. ಆ ಪ್ರಶಸ್ತಿ ‘ಗ್ರೀನ್ ಬುಕ್’ ಪಾಲಾಯಿತಾದರೂ ವಸ್ತ್ರ ವಿನ್ಯಾಸ, ನಿರ್ಮಾಣ ವಿನ್ಯಾಸ ಮತ್ತು ಸಂಗೀತಕ್ಕೆ ಪ್ರಶಸ್ತಿ ಸಂದಿತು. ಮೊದಲೆರಡು ವಿಭಾಗಗಳಲ್ಲಿ ಗೆದ್ದ ಮೊದಲ ಕಪ್ಪುವರ್ಣೀಯ ಮಹಿಳೆಯರು ರೂತ್ ಕಾರ್ಟರ್ ಮತ್ತು ಹ್ಯಾನಾ ಬೀಚ್ಲರ್. ಕೂಗ್ಲರ್‌ಗೆ ನಿರ್ದೇಶನ ವಿಭಾಗದಲ್ಲಿ ನಾಮಕರಣವೂ ಸಿಗಲಿಲ್ಲ.

ಖಳನಾಯಕನ ಪ್ರಶ್ನೆ

ಮೆಚ್ಚುಗೆಯ ಭರದಲ್ಲೂ ಗಂಭೀರ ತಕರಾರುಗಳು ಎದ್ದವು. ಬಹುಪಾಲು ತಕರಾರುಗಳ ಕೇಂದ್ರ ಮೈಕೇಲ್ ಬಿ. ಜೋರ್ಡನ್ ನಿರ್ವಹಿಸಿದ ಕಿಲ್‌ಮಾಂಗರ್ ಪಾತ್ರ. ಓಕ್‌ಲ್ಯಾಂಡ್‌ನ ಬಡ ಬಡಾವಣೆಯಲ್ಲಿ ತಂದೆಯನ್ನು ಕಳೆದುಕೊಂಡು ಬೆಳೆದ ಈತ ವಕಾಂಡಾದ ರಾಜವಂಶದವನೇ. ಜಗತ್ತಿನೆಲ್ಲೆಡೆ ಕಪ್ಪು ಜನ ತುಳಿತಕ್ಕೆ ಒಳಗಾಗಿರುವಾಗ ಬಲಿಷ್ಠ ವಕಾಂಡಾ ಬಾಗಿಲು ಹಾಕಿಕೊಂಡು ಸುಖವಾಗಿದ್ದುದೇಕೆ ಎಂಬುದು ಅವನ ಪ್ರಶ್ನೆ. ಚಿತ್ರದ ಅತ್ಯಂತ ನ್ಯಾಯಯುತ ಪ್ರಶ್ನೆಯನ್ನು ಕೇಳುವವನೇ ಕೊಲೆಗಡುಕನೂ ಆಗಿರುತ್ತಾನೆ, ಕೊನೆಯಲ್ಲಿ ಸಾಯುತ್ತಾನೆ.

ತತ್ವಶಾಸ್ತ್ರದ ಪ್ರಾಧ್ಯಾಪಕ ಕ್ರಿಸ್ಟೋಫರ್ ಲೆಬ್ರಾನ್ ‘ಬೋಸ್ಟನ್ ರಿವ್ಯೂ’ ಪತ್ರಿಕೆಯಲ್ಲಿ ಇದನ್ನೇ ಆಕ್ಷೇಪಿಸಿದರು. ಆಫ್ರಿಕಾದ ರಾಜ ಉದಾತ್ತ, ಅಮೆರಿಕದ ಕಪ್ಪು ಯುವಕ ಹಿಂಸಾಪ್ರಿಯ ಎಂಬ ಚಿತ್ರಣವು ಅಮೆರಿಕದಲ್ಲಿ ಕಪ್ಪು ಪುರುಷರ ಬಗೆಗಿರುವ ಹಳೆಯ ಪೂರ್ವಗ್ರಹವನ್ನೇ ಪುನರುಚ್ಚರಿಸುತ್ತದೆ ಎಂಬುದು ಅವರ ವಾದದ ಸಾರ. ಆಫ್ರಿಕಾದ ರಾಜಕೀಯದಲ್ಲಿ ಕೈಯಾಡಿಸಿದ ಕುಖ್ಯಾತಿಯ ಸಿಐಎ ಸಂಸ್ಥೆಯ ಅಧಿಕಾರಿಯೊಬ್ಬ ಚಿತ್ರದಲ್ಲಿ ವಕಾಂಡಾದ ಮಿತ್ರನಾಗಿ ಬರುವುದೂ ಹಲವರಿಗೆ ಮುಜುಗರ ತಂದಿತು.

ಈ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಆದರೆ ಟಿಚಾಲಾ ಕೊನೆಗೆ ಕಿಲ್‌ಮಾಂಗರ್‌ನ ಪ್ರಶ್ನೆಯನ್ನು ಒಪ್ಪಿಕೊಳ್ಳುತ್ತಾನೆ ಎಂಬುದನ್ನೂ ಗಮನಿಸಬೇಕು. ಪೂರ್ವಿಕರ ನೀತಿ ತಪ್ಪೆಂದು ಹಿರಿಯರ ಆತ್ಮಗಳ ಎದುರೇ ಹೇಳುತ್ತಾನೆ. ಓಕ್‌ಲ್ಯಾಂಡ್‌ನಲ್ಲಿ ಕಟ್ಟಡ ಕೊಂಡು ನೆರವಿನ ಕೇಂದ್ರ ತೆರೆಯುತ್ತಾನೆ. ಕ್ರಾಂತಿಯ ಪ್ರಶ್ನೆಗೆ ಸಿಕ್ಕ ಉತ್ತರ ಒಂದು ಸಮಾಜಸೇವಾ ಕೇಂದ್ರ. 20 ಕೋಟಿ ಡಾಲರ್ ಹೂಡಿದ ಕಂಪನಿಯ ಚಿತ್ರ ಎಷ್ಟು ದೂರ ಹೋಗಬಲ್ಲದೋ ಅಷ್ಟು ದೂರ ಅದು ಹೋಯಿತು.

ಚಿತ್ರದ ಆ ಅಂತ್ಯಕ್ಕೆ ವಾಸ್ತವದಲ್ಲೂ ಒಂದು ನೆರಳು ಸಿಕ್ಕಿತು. ಬಿಡುಗಡೆಯ ತಿಂಗಳಲ್ಲೇ ಡಿಸ್ನಿ ಮಕ್ಕಳ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರಗಳಿಗಾಗಿ ಹತ್ತು ಲಕ್ಷ ಡಾಲರ್ ದೇಣಿಗೆ ಪ್ರಕಟಿಸಿತು. ಓಕ್‌ಲ್ಯಾಂಡ್ ಕೂಡ ಪಟ್ಟಿಯಲ್ಲಿತ್ತು. ದೇಣಿಗೆ ಸ್ವಾಗತಾರ್ಹವೇ. ಆದರೆ ಅದನ್ನು 134 ಕೋಟಿಯ ಪಕ್ಕದಲ್ಲಿಟ್ಟು ನೋಡಿದವರಿಗೆ ಪ್ರಮಾಣ ತಾನೇ ಅರಿವಾಗುತ್ತದೆ.

ರಾಜನಿಲ್ಲದ ರಾಜ್ಯ

2020ರ ಆಗಸ್ಟ್ 28ರಂದು ಚಾಡ್ವಿಕ್ ಬೋಸ್‌ಮನ್ 43ನೇ ವಯಸ್ಸಿನಲ್ಲಿ ನಿಧನರಾದಾಗ ಜಗತ್ತು ಬೆಚ್ಚಿತು. 2016ರಲ್ಲೇ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಗಿತ್ತು. ‘ಬ್ಲ್ಯಾಕ್ ಪ್ಯಾಂಥರ್’ನ ಹೊಡೆದಾಟದ ದೃಶ್ಯಗಳಲ್ಲಿ ಅವರು ಪಾಲ್ಗೊಂಡದ್ದು ಶಸ್ತ್ರಚಿಕಿತ್ಸೆ ಮತ್ತು ಕೀಮೊಥೆರಪಿಗಳ ನಡುವಿನ ವರ್ಷಗಳಲ್ಲಿ. ಈ ಸಂಗತಿ ಹೊರಜಗತ್ತಿಗೆ ತಿಳಿದದ್ದು ಅವರ ಮರಣಾನಂತರ.

ಟಿಚಾಲಾನ ಪಾತ್ರಕ್ಕೆ ಎರಡನೇ ಚಿತ್ರದಲ್ಲಿ ಬೇರೆ ನಟನನ್ನು ತರದಿರಲು ಮಾರ್ವೆಲ್ ನಿರ್ಧರಿಸಿತು. 2022ರ ನವೆಂಬರ್‌ನಲ್ಲಿ ಬಂದ ‘ವಕಾಂಡಾ ಫಾರೆವರ್’ ರಾಜನ ಸಾವಿನಿಂದಲೇ ಆರಂಭವಾಗಿ ಶೋಕದ ಕಥೆಯಾಯಿತು. ಗಳಿಕೆ ಸುಮಾರು 86 ಕೋಟಿ ಡಾಲರ್. ಮೊದಲ ಚಿತ್ರದ ಮಟ್ಟಕ್ಕೆ ಏರಲಿಲ್ಲವಾದರೂ ರೂತ್ ಕಾರ್ಟರ್ ಎರಡನೇ ಆಸ್ಕರ್ ಪಡೆದು, ಎರಡು ಆಸ್ಕರ್ ಗೆದ್ದ ಮೊದಲ ಕಪ್ಪುವರ್ಣೀಯ ಮಹಿಳೆ ಎನಿಸಿದರು. ನಟನೊಬ್ಬನ ಉಚ್ಚಾರದ ಹಟ, ಮತ್ತೊಬ್ಬನ ತಾಯ್ನುಡಿಯ ಪ್ರೀತಿ, ವಿನ್ಯಾಸಕಿಯರ ಶ್ರಮ ಸೇರಿ ಕಟ್ಟಿದ ಲೋಕ ಸಂಪೂರ್ಣವಾಗಿ ಕಂಪನಿಯ ಕೈಯಲ್ಲಿದ್ದರೂ, ಆ ಲೋಕದ ಜೀವ ವ್ಯಕ್ತಿಗಳಲ್ಲಿತ್ತು ಎಂಬುದನ್ನು ಬೋಸ್‌ಮನ್ ಅಗಲಿಕೆ ತೋರಿಸಿಕೊಟ್ಟಿತು.

ಹೊಸ ಕರಾರು

ಕಾಮಿಕ್ಸ್ ಲೋಕದಲ್ಲಿ ಒಡೆತನದ ವ್ಯಾಜ್ಯ ಹೊಸದಲ್ಲ. 1958ರಿಂದ 1963ರ ನಡುವೆ ಜ್ಯಾಕ್ ಕರ್ಬಿ ರಚಿಸಿದ ಕೃತಿಗಳ ಹಕ್ಕುಸ್ವಾಮ್ಯ ಮರಳಿ ಪಡೆಯಲು ಅವರ ಮಕ್ಕಳು 2009ರಲ್ಲಿ ನೋಟಿಸು ಕೊಟ್ಟಿದ್ದರು. ಸಂಸ್ಥೆಗಾಗಿ ಕೂಲಿ ಪಡೆದು ಮಾಡಿದ ಕೆಲಸದ ಹಕ್ಕು ಸಂಸ್ಥೆಯದೇ ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲಲ್ಲಿದ್ದಾಗ 2014ರ ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು. ಷರತ್ತುಗಳು ಬಹಿರಂಗವಾಗಲಿಲ್ಲ. 1966ರ ಬ್ಲ್ಯಾಕ್ ಪ್ಯಾಂಥರ್ ಆ ನೋಟಿಸಿನ ವ್ಯಾಪ್ತಿಗೆ ಬಾರದಿದ್ದರೂ, ಅದು ಹುಟ್ಟಿದ ವ್ಯವಸ್ಥೆ ಅದೇ. ಸೃಷ್ಟಿಸಿದವನಿಗೆ ಸಂಭಾವನೆ, ಸೃಷ್ಟಿ ಮಾತ್ರ ಕಂಪನಿಗೆ.

ಈ ಹಿನ್ನೆಲೆಯಲ್ಲಿ ಕೂಗ್ಲರ್ ಅವರ 2025ರ ಚಿತ್ರ ‘ಸಿನ್ನರ್ಸ್’ ಗಮನ ಸೆಳೆಯುತ್ತದೆ. 1932ರ ಮಿಸಿಸಿಪ್ಪಿಯಲ್ಲಿ ಅವಳಿ ಸಹೋದರರು ತಮ್ಮವರಿಗಾಗಿ ತಮ್ಮದೇ ಸ್ವಂತ ಸಂಗೀತದ ಮನೆ ತೆರೆಯುವ ಕಥೆ ಅದು. ಚಿತ್ರಕ್ಕಾಗಿ ವಾರ್ನರ್ ಬ್ರದರ್ಸ್ ಸಂಸ್ಥೆಯೊಂದಿಗೆ ಮಾಡಿಕೊಂಡ ಕರಾರಿನಂತೆ 25 ವರ್ಷಗಳ ನಂತರ ಚಿತ್ರದ ಹಕ್ಕು ಕೂಗ್ಲರ್‌ಗೆ ಮರಳುತ್ತದೆ. ಕ್ವೆಂಟಿನ್ ಟ್ಯಾರಂಟಿನೊ ಅವರಂಥ ಕೆಲವೇ ನಿರ್ದೇಶಕರಿಗೆ ಸಿಕ್ಕಿದ್ದ ಷರತ್ತು ಇದು. ಸ್ಟುಡಿಯೊಗಳ ಅಸ್ತಿತ್ವಕ್ಕೇ ಇದು ಅಪಾಯಕಾರಿ ಎಂಬ ಆತಂಕವೂ ಹಾಲಿವುಡ್‌ನಲ್ಲಿ ವ್ಯಕ್ತವಾಯಿತು. ಚಿತ್ರ ವಿಶ್ವದಾದ್ಯಂತ 36 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

2018ರಲ್ಲಿ ಮುರಿದುಬಿದ್ದದ್ದು ಮಾರುಕಟ್ಟೆಯ ಬಗೆಗಿನ ಮೂಢನಂಬಿಕೆ. ಅದನ್ನು ಮುರಿದದ್ದು ಎಲ್ಲರಿಗೂ ಹಿಡಿಸಲೆಂದು ತನ್ನತನವನ್ನು ತೆಳುಗೊಳಿಸಿಕೊಂಡ ಚಿತ್ರವಲ್ಲ, ಖೋಸಾ ನುಡಿಯನ್ನೂ ಬಸೋಥೊ ಕಂಬಳಿಯನ್ನೂ ತಮಾ ಮದ್ದಳೆಯನ್ನೂ ಹಾಗೆಯೇ ಉಳಿಸಿಕೊಂಡ ಚಿತ್ರ. ಪ್ರಾದೇಶಿಕ ಭಾಷೆಗಳಲ್ಲಿ ಚಿತ್ರ ಮಾಡುವ ಎಲ್ಲರಿಗೂ ಇದರಲ್ಲಿ ಧೈರ್ಯವಿದೆ. ಎಚ್ಚರಿಕೆಯೂ ಇದೆ. ಯಾವ ಸಾಮ್ರಾಜ್ಯಕ್ಕೂ ಅಡಿಯಾಳಾಗದ ವಕಾಂಡಾವನ್ನು ಕೂಗ್ಲರ್ ಬಳಗ ತೆರೆಯ ಮೇಲೆ ಕಟ್ಟಿ ನಿಲ್ಲಿಸಿತು. ಅದರ ಹಕ್ಕುಪತ್ರ ಮಾತ್ರ ಡಿಸ್ನಿಯ ಹೆಸರಿನಲ್ಲಿದೆ.